ಗುಜರಿ ವ್ಯಾನಿನ ಹೆಡ್‌ಗಳು ನನ್ನ ಶೆವೆಲ್‌ಗೆ ಕೊಟ್ಟ ಉಸಿರು

ನನ್ನ 1972ರ ಶೆವ್ರೊಲೆ ಶೆವೆಲ್ ಕಾರಿನ 350 ಘನ ಇಂಚಿನ ಎಂಜಿನ್ನಿಗೆ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಲೋಹದ ಮುಚ್ಚಳ) ಬದಲಿಸುವ ಮಾತು ಬಂದಾಗಲೆಲ್ಲ ಮಿಷಿಗನ್ನಿನ ನನ್ನ ಗೆಳೆಯರು ಒಂದೇ ರಾಗ ಹಾಡುತ್ತಿದ್ದರು: ಅಲ್ಯೂಮಿನಿಯಂ ಹೆಡ್ ಕೊಳ್ಳಿ, ಇಲ್ಲವೇ ಮುಟ್ಟಲೇಬೇಡಿ. 1996ರಿಂದ 2002ರವರೆಗಿನ ಶೆವ್ರೊಲೆ ಟ್ರಕ್ಕು ಮತ್ತು ವ್ಯಾನುಗಳಲ್ಲಿ ಬರುತ್ತಿದ್ದ ಎಲ್31 ವೋರ್ಟೆಕ್ ಎಂಜಿನ್ನಿನ ಕಬ್ಬಿಣದ ಹೆಡ್‌ಗಳನ್ನು ಹಾಕುತ್ತೇನೆಂದು ಹೇಳಿದಾಗ, ನಮ್ಮವರೇ ಆದ, ಹಾಸನದ ಕಡೆಯ ಹಿರಿಯರೊಬ್ಬರು, "ಸ್ವಾಮಿ, ಸಾಮಾನು ಸಾಗಿಸೋ ವ್ಯಾನಿನ ಹೆಡ್ ಹಾಕಿ ದುಡ್ಡು ನೀರಿಗೆ ಹಾಕಬೇಡಿ" ಎಂದಿದ್ದರು. ಎರಡು ಚಳಿಗಾಲಗಳ ಕೆಲಸದ ನಂತರ ಎಂಜಿನ್ ನಾನು ಬಯಸಿದಂತೆಯೇ ಓಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ಬ್ಯಾರೆಲ್ ಕಾರ್ಬುರೇಟರ್ ಇದ್ದ ಈ ಎಂಜಿನ್ನಿಗೆ ಆ ವರ್ಷ ಕಂಪನಿ ಕೊಟ್ಟಿದ್ದ ಲೆಕ್ಕ 175 ಅಶ್ವಶಕ್ತಿ. ನನಗಿಂತ ಹಿಂದಿನ ಮಾಲೀಕರು ಮೂಲ ಹೆಡ್‌ಗಳನ್ನು ತೆಗೆದು 882 ಎಂಬ ಎರಕ ಸಂಖ್ಯೆಯವನ್ನು ಕೂರಿಸಿದ್ದರು. 76 ಸಿಸಿ ಚೇಂಬರ್ (ಇಂಧನ ಉರಿಯುವ ಗುಳಿ), ತೆಳುವಾದ ಎರಕ, ಬಿಸಿಯಾದರೆ ಬಿರುಕು ಬಿಡುವ ಸ್ವಭಾವ. ಅವುಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ಮೊದಲು ಅವುಗಳನ್ನೇ ತಿದ್ದೋಣವೆಂದು ಕಾರ್ಬೈಡ್ ಬರ್ ಹಿಡಿದು ನಾಲ್ಕು ಸಂಜೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್‌ಗಳನ್ನು ತೇಯ್ದೆ. ಐದನೆಯ ಸಂಜೆ ಮೂರನೆಯ ಪೋರ್ಟಿನ ಛಾವಣಿಯಲ್ಲಿ ಸಾಸಿವೆ ಕಾಳಿನಷ್ಟು ರಂಧ್ರ ಬಿದ್ದು ಅದು ಎಂಜಿನ್ ತಂಪು ಮಾಡುವ ನೀರು ಹರಿಯುವ ಜಾಕೆಟ್ಟಿಗೆ ತೆರೆದುಕೊಂಡಿತು. ಹೆಡ್ ಹೋಯಿತು, ಆದರೆ ಎಲ್ಲಿಯವರೆಗೆ ತೇಯಬಹುದೆಂಬ ಅಂದಾಜು ಕೈಗೆ ಸಿಕ್ಕಿತು.

ವೋರ್ಟೆಕ್ ಹೆಡ್‌ಗಳಲ್ಲಿ 906 ಮತ್ತು 062 ಎಂಬ ಎರಡು ಎರಕಗಳು ಸಿಗುತ್ತವೆ. ಎರಡರಲ್ಲೂ 64 ಸಿಸಿ ಚೇಂಬರ್, 1.94 ಮತ್ತು 1.50 ಇಂಚಿನ ವಾಲ್ವ್, ಸುಮಾರು 170 ಸಿಸಿ ಇಂಟೇಕ್ ರನ್ನರ್ (ಗಾಳಿ-ಇಂಧನ ಒಳಬರುವ ದಾರಿ). ನನಗೆ ಗುಜರಿಯಲ್ಲಿ ಒಂದು ಎಕ್ಸ್‌ಪ್ರೆಸ್ ವ್ಯಾನಿನಿಂದ ಜೋಡಿಗೆ 120 ಡಾಲರಿಗೆ 906 ಸಿಕ್ಕವು. ಬಿಸಿನೀರಿನ ತೊಟ್ಟಿಯಲ್ಲಿ ತೊಳೆಸಿ, ಕಾಂತದ ಪುಡಿ ಹಾಕಿ ಪರೀಕ್ಷಿಸಿದಾಗ ಒಂದರಲ್ಲಿ ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಂಥ ಗೆರೆ ಎದ್ದು ಕಂಡಿತು. ಈ ಹೆಡ್‌ಗಳಿಗೆ ಅದೇ ಜಾಗದಲ್ಲಿ ರೋಗ. ಇನ್ನೊಂದನ್ನು ಬೇರೆ ಗುಜರಿಯಿಂದ 75 ಡಾಲರ್ ಕೊಟ್ಟು ತಂದೆ. ಈ ಸಲ ಅಂಗಡಿಯವನಿಗೆ ಹಣ ಕೊಡುವ ಮೊದಲೇ ಬಿರುಕು ತೋರಿಸುವ ಬಣ್ಣದ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ.

ಮೊದಲನೆಯ ಚಳಿಗಾಲ ಪೂರ್ತಿಯಾಗಿ ಸೋಲಿನದು. ನನ್ನ ಪಿಸ್ಟನ್‌ಗಳು ಬ್ಲಾಕಿನ ಮೇಲ್ಮೈಯಿಂದ ಸುಮಾರು 0.025 ಇಂಚು ಕೆಳಗೆ ನಿಲ್ಲುತ್ತವೆ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಕ್ವೆಂಚ್ ಅಂತರ (ಮೇಲೆ ಬಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು) ಹೆಚ್ಚಾಗಿ ಚೇಂಬರಿನ ಒಳ್ಳೆಯ ಆಕಾರವೇ ವ್ಯರ್ಥವಾಗುತ್ತದೆಂದು ಯೋಚಿಸಿ 0.015 ಇಂಚಿನ ಉಕ್ಕಿನ ಶಿಮ್ ಗ್ಯಾಸ್ಕೆಟ್ ಹಾಕಿದೆ. ಲೆಕ್ಕದಲ್ಲಿ ಕಂಪ್ರೆಶನ್ ಅನುಪಾತ 10.1ರ ಸುತ್ತ ಬಂದಿತ್ತು. ಆದರೆ ಐವತ್ತು ವರ್ಷದ ಬ್ಲಾಕಿನ ಮೇಲ್ಮೈ ನಾನು ನಂಬಿದಷ್ಟು ಸಮತಟ್ಟಾಗಿರಲಿಲ್ಲ. ಮೂರನೆಯ ವಾರಕ್ಕೆ ಐದು ಮತ್ತು ಏಳನೆಯ ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಹಾರಿತು. ಹೆಡ್ ಬಿಚ್ಚಿದಾಗ ಇನ್ನೊಂದು ತಪ್ಪೂ ಹೊರಬಿತ್ತು: ನೀರಿನ ಜಾಕೆಟ್ಟಿಗೆ ಇಳಿಯುವ ಬೋಲ್ಟ್‌ಗಳ ಪೈಕಿ ಎರಡಕ್ಕೆ ನಾನು ಸೀಲೆಂಟ್ ಸರಿಯಾಗಿ ಬಳಿದಿರಲಿಲ್ಲ; ಎಳೆಗಳ ಗುಂಟ ಹಸಿರು ಕೂಲೆಂಟ್ ಮೇಲೇರಿ ಒಣಗಿ ಪುಡಿಗಟ್ಟಿತ್ತು. ಎರಡನೆಯ ಸಲ 0.028 ಇಂಚಿನ ಗ್ಯಾಸ್ಕೆಟ್ ಹಾಕಿ, ಎರಡೂ ಹೆಡ್‌ಗಳ ಮೂವತ್ತನಾಲ್ಕು ಬೋಲ್ಟ್‌ಗಳ ಎಳೆಗಳನ್ನೂ ತಂತಿಯ ಬ್ರಷ್‌ನಿಂದ ಉಜ್ಜಿ, ಒಂದೊಂದಕ್ಕೂ ಸೀಲೆಂಟ್ ಹಚ್ಚಿ, ಮೂರು ಸುತ್ತಿನಲ್ಲಿ 65 ಫುಟ್-ಪೌಂಡಿಗೆ ಬಿಗಿದೆ. ಕಂಪ್ರೆಶನ್ 9.8ಕ್ಕೆ ಇಳಿದರೂ ಆ ನಷ್ಟ ಗಾಡಿ ಓಡಿಸುವವನ ಕಾಲಿಗೆ ತಿಳಿಯುವುದಿಲ್ಲ.

ವಾಲ್ವ್ ಲಿಫ್ಟ್, ಅಂದರೆ ವಾಲ್ವ್ ಎಷ್ಟು ತೆರೆಯುತ್ತದೆಂಬ ವಿಷಯದಲ್ಲೂ ಕೈ ಸುಟ್ಟುಕೊಂಡೆ. ಈ ಹೆಡ್‌ಗಳನ್ನು ಇದ್ದ ಹಾಗೆ ಬಳಸಿದರೆ 0.460 ಇಂಚಿನ ಆಸುಪಾಸಿನಲ್ಲಿ ವಾಲ್ವ್ ಸ್ಪ್ರಿಂಗನ್ನು ಹಿಡಿದಿರುವ ರಿಟೇನರ್ ಬಂದು ವಾಲ್ವ್ ಜಾರುವ ಗೈಡಿನ ಸೀಲಿಗೆ ತಾಗುತ್ತದೆ. ಇಂಟೇಕ್ 0.435, ಎಕ್ಸಾಸ್ಟ್ 0.460 ಲಿಫ್ಟಿನ ಕ್ಯಾಮ್ (ವಾಲ್ವ್‌ಗಳನ್ನು ತೆರೆಯಿಸುವ ದಂಡ) ಆರಿಸಿದ್ದೆ. ವೋರ್ಟೆಕ್ ಹೆಡ್‌ಗಳೊಂದಿಗೆ 330 ಅಶ್ವಶಕ್ತಿಯದೆಂದು ಜನರಲ್ ಮೋಟರ್ಸ್ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ 350 ಎಚ್‌ಒ ಎಂಜಿನ್ನಿನಲ್ಲಿ ಇದ್ದದ್ದೂ ಅದೇ ಲಿಫ್ಟ್. ಕಂಪನಿಯೇ ಹಾಕಿದೆಯಲ್ಲ ಎಂಬ ಧೈರ್ಯದಲ್ಲಿ ಅಳತೆ ಮಾಡದೆ ಜೋಡಿಸಿಬಿಟ್ಟೆ. ಆದರೆ ನನ್ನವು ಬೇರೆ ಸ್ಪ್ರಿಂಗ್, ಬೇರೆ ರಿಟೇನರ್, ಬೇರೆ ಸೀಲ್. ಎರಡು ಸೀಲ್‌ಗಳು ಜಜ್ಜಿಹೋಗಿ ಬೆಳಗಿನ ಹೊತ್ತು ನೀಲಿ ಹೊಗೆ ಬರತೊಡಗಿತು. ನಂತರ ಹದಿನಾರು ವಾಲ್ವ್‌ಗಳಿಗೂ ಹಗುರ ಸ್ಪ್ರಿಂಗ್ ಹಾಕಿ ಡಯಲ್ ಗೇಜ್ ಹಿಡಿದು ಅಳೆದಾಗ ಕೆಲವೆಡೆ ಪೂರ್ಣ ಲಿಫ್ಟಿನಲ್ಲಿ ಕೂದಲಿನಷ್ಟೂ ಅಂತರ ಉಳಿದಿರಲಿಲ್ಲ. ಗೈಡುಗಳ ತಲೆಯನ್ನು ಕಟರ್‌ನಿಂದ ಇಳಿಸಿ ಎಲ್ಲ ಕಡೆಯೂ 0.060ಕ್ಕಿಂತ ಹೆಚ್ಚು ಅಂತರ ಬರಿಸಿಕೊಂಡೆ. ಅಳತೆಯನ್ನು ಪುಸ್ತಕದಿಂದ ತೆಗೆದುಕೊಳ್ಳದೆ ನಿಮ್ಮ ಮುಂದಿರುವ ಹೆಡ್ಡಿನಿಂದಲೇ ತೆಗೆದುಕೊಳ್ಳಿ.

ವಾಲ್ವ್‌ಗಳನ್ನು ಒತ್ತುವ ಹಳೆಯ ರಾಕರ್‌ಗಳನ್ನು ಮತ್ತೆ ಬಳಸುವ ಆಸೆ ಬೇಡ. ಈ ಹೆಡ್‌ಗಳಿಗೆ ವಾಲ್ವಿನ ತುದಿಯನ್ನು ಎರಡೂ ಬದಿ ಹಿಡಿದುಕೊಳ್ಳುವ ಸೆಲ್ಫ್ ಅಲೈನಿಂಗ್ ರಾಕರ್‌ಗಳೇ ಬೇಕು. ಕಾರ್ಬುರೇಟರಿನಿಂದ ಹೆಡ್‌ಗಳಿಗೆ ಗಾಳಿ-ಇಂಧನ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಕೂಡ ಬೇರೆಯದೇ. ಎಂಟೇ ಬೋಲ್ಟ್, ಅದೂ 11 ಫುಟ್-ಪೌಂಡಿಗಿಂತ ಹೆಚ್ಚು ಬಿಗಿಯುವಂತಿಲ್ಲ. ವಾಲ್ವ್ ಕವರುಗಳು ನಡುವೆ ಬೋಲ್ಟ್ ಇರುವಂಥವಾದ್ದರಿಂದ ಹಳೆಯವು ಕೂರುವುದಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಚೋಕ್, ಅಂದರೆ ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಬಾಗಿಲು. ಎಕ್ಸಾಸ್ಟಿನ ಬಿಸಿ ಮ್ಯಾನಿಫೋಲ್ಡಿನ ಅಡಿಯಲ್ಲಿ ಹಾಯುವ ದಾರಿ ಈ ಹೆಡ್‌ಗಳಲ್ಲಿ ಇಲ್ಲದಿರುವುದರಿಂದ ನನ್ನ ಕ್ವಾಡ್ರಾಜೆಟ್ ಕಾರ್ಬುರೇಟರಿನ ಹಳೆಯ ಚೋಕ್ ಸ್ಪ್ರಿಂಗ್ ಬಿಸಿಯಾಗುವುದೇ ಇಲ್ಲ. ಕೊನೆಗೆ ನಮ್ಮೂರಿನ ಅಂಬಾಸಿಡರಿನಲ್ಲಿದ್ದಂತೆ ಕೈಯಿಂದ ಎಳೆಯುವ ಚೋಕ್ ತಂತಿಯನ್ನು ಡ್ಯಾಶಿನ ಅಡಿಗೆ ತಂದು ಕಟ್ಟಿದೆ. ಏಪ್ರಿಲ್ ತಿಂಗಳ ಚಳಿಯಲ್ಲಿ ಮೊದಲ ಐದು ನಿಮಿಷ ಎಂಜಿನ್ ಮುಗ್ಗರಿಸುವುದನ್ನು ಈಗಲೂ ಪೂರ್ತಿ ಬಿಟ್ಟಿಲ್ಲ.

ಕಿಡಿ ಎಷ್ಟು ಮುಂಚೆ ಹಾರಬೇಕೆಂಬ ಇಗ್ನಿಶನ್ ಟೈಮಿಂಗನ್ನು ಅಭ್ಯಾಸಬಲದಿಂದ ಒಟ್ಟು 36 ಡಿಗ್ರಿಗೆ ಇಟ್ಟಿದ್ದೆ. 93 ಆಕ್ಟೇನ್ ಪೆಟ್ರೋಲ್ ಹಾಕಿದರೂ ಏರಿನಲ್ಲಿ ನಾಕಿಂಗ್ (ಇಂಧನ ತಪ್ಪು ಹೊತ್ತಿಗೆ ಸಿಡಿಯುವ ಸದ್ದು) ಕೇಳಿಸಿತು. 32ಕ್ಕೆ ಇಳಿಸಿದಾಗ ಸದ್ದು ನಿಂತಿದ್ದಷ್ಟೇ ಅಲ್ಲ, ಬಲ ಅಳೆಯುವ ಡೈನೋ ಯಂತ್ರದಲ್ಲಿ ಬಲವೂ ಹೆಚ್ಚಾಯಿತು. ಚೇಂಬರಿನಲ್ಲಿ ಬೆಂಕಿ ಬೇಗ ಹರಡುವ ಈ ಹೆಡ್‌ಗಳಿಗೆ ಅಷ್ಟು ಮುಂಗಡ ಬೇಕಿಲ್ಲವೆಂಬುದನ್ನು ನಾನು ಕಣ್ಣಾರೆ ಕಂಡೆ.

ನಡುವೆ ಒಂದು ಬದಿಯ ಪ್ರಯೋಗವನ್ನೂ ಮಾಡಿದೆ. ಇಂಟೇಕ್ ಬದಿಗೆ ಮಾತ್ರ 1.5ರ ಬದಲು 1.6 ಅನುಪಾತದ ರಾಕರ್ ಹಾಕಿದರೆ ಇಂಟೇಕ್ ಲಿಫ್ಟ್ 0.464ಕ್ಕೆ ಏರಿ ಎಕ್ಸಾಸ್ಟಿಗೆ ಸರಿಸಮವಾಗುತ್ತದೆ. ಹಾಕಿ ನೂರು ಮೈಲಿ ಓಡಿಸಿ ಕವರ್ ತೆಗೆದು ನೋಡಿದರೆ ರಾಕರನ್ನು ತಳ್ಳುವ ಎರಡು ಪುಶ್‌ರಾಡ್‌ಗಳ ಮೈಮೇಲೆ ಬೆಳ್ಳಗೆ ಹೊಳೆಯುವ ಗೀರು. ಹೆಡ್ಡಿನ ತೂತಿನ ಅಂಚಿಗೆ ಉಜ್ಜುತ್ತಿದ್ದವು. ತೂತುಗಳನ್ನು ಸಣ್ಣ ಅರದಿಂದ ಸ್ಟಡ್ಡಿನ ಕಡೆಗೆ ಸ್ವಲ್ಪ ಉದ್ದ ಮಾಡಿದ ಮೇಲೆ ಸರಿಹೋಯಿತು. ಇದರಿಂದ ಸಿಕ್ಕಿದ್ದು ಆರೇಳು ಅಶ್ವಶಕ್ತಿ.

ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಹೆಡ್‌ಗಳಿಗೆ 195, ತೊಳೆತ, ಪರೀಕ್ಷೆ, ವಾಲ್ವ್ ಕೆಲಸ ಮತ್ತು ಗೈಡ್ ಸೇರಿ 420ರಷ್ಟು, ಬಳಸಿದ ಮ್ಯಾನಿಫೋಲ್ಡಿಗೆ 140, ಸ್ಪ್ರಿಂಗ್ ಮತ್ತು ರಾಕರಿಗೆ 260, ಕ್ಯಾಮ್ ಮತ್ತು ಲಿಫ್ಟರಿಗೆ 180, ಎರಡೆರಡು ಸಲ ಕೊಂಡ ಗ್ಯಾಸ್ಕೆಟ್‌ಗಳಿಗೆ 150. ಒಟ್ಟು 1,350 ಡಾಲರ್ ಹತ್ತಿರ ಹತ್ತಿರ. ಅದೇ ವರ್ಷ ಗೆಳೆಯರೊಬ್ಬರು ಅಲ್ಯೂಮಿನಿಯಂ ಹೆಡ್‌ಗಳಿಗೆ ಮಾತ್ರವೇ 1,600 ಕೊಟ್ಟಿದ್ದರು.

ಡೈನೋದಲ್ಲಿ ಹಿಂದಿನ ಚಕ್ರಗಳ ಬಳಿ ಮೊದಲು 140ರಷ್ಟಿದ್ದ ಬಲ ಈಗ 245ರ ಆಸುಪಾಸಿಗೆ ಬಂದಿದೆ. ಹೆಡರ್ (ಹೊಗೆಯ ಕೊಳವೆಗಳ ಜೋಡಣೆ) ಮತ್ತು ಜೋಡಿ ಎಕ್ಸಾಸ್ಟ್ ಮೊದಲೇ ಇದ್ದವು. ಇದರಲ್ಲಿ ಒಂದು ಪಾಲು ವಾಲ್ವ್ ಸೀಟಿನ ಕೆಳಗಿನ ಬೌಲ್ ಭಾಗದಲ್ಲಿ ನಾನು ಮಾಡಿದ ಕೆಲಸದ್ದು. ಎಷ್ಟು ತೇಯ್ದೆ, ಎಲ್ಲಿ ನಿಲ್ಲಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಬುರೇಟರಿನಲ್ಲಿ ಇಂಧನ ಅಳೆದು ಬಿಡುವ ಸೆಕೆಂಡರಿ ರಾಡ್‌ಗಳ ಆಯ್ಕೆಯನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅವೆರಡಕ್ಕೆ ನಾನು ಕಳೆದ ರಾತ್ರಿಗಳು ಬಹಳ.

ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಯ ದಿನ ಫರ್ನ್‌ಡೇಲಿನಿಂದ ಪಾಂಟಿಯಾಕಿನವರೆಗೆ, ಹೆಜ್ಜೆ ಹೆಜ್ಜೆಗೂ ನಿಲ್ಲುವ ಸಾಲಿನಲ್ಲಿ, ಸುಡುಬಿಸಿಲಿನಲ್ಲಿ ಓಡಿಸಿದೆ. ತಾಪಮಾನದ ಮುಳ್ಳು 195 ಡಿಗ್ರಿ ಫ್ಯಾರನ್‌ಹೀಟ್ ದಾಟಲಿಲ್ಲ. ಹಾಸನದ ಹಿರಿಯರು ಪಕ್ಕದಲ್ಲಿ ಕೂತಿದ್ದರು. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದಾಗ ಬೋಲ್ಟ್‌ಗಳ ಬುಡ ಒಣಗಿತ್ತು, ಕೂಲೆಂಟ್ ಗುರುತಿನಲ್ಲೇ ಇತ್ತು. ಅವರು ಟಾರ್ಚ್ ತರಿಸಿಕೊಂಡು ಬಗ್ಗಿ, ವಾಲ್ವ್ ಕವರ್ ತೆಗೆದರೆ ಎರಕದ ಸಂಖ್ಯೆ ಎಲ್ಲಿ ಕಾಣುತ್ತದೆಂದು ಕೇಳಿ, ಫೋನಿನಲ್ಲಿ 906 ಎಂದು ಬರೆದುಕೊಂಡರು.