ಬೀಸುಬಲೆಗೆ ಸೀಸದ ಗುಂಡು ಎರೆಯಲು ಹೊರಟವರಿಗೆ

ಗುಜರಿ ಅಂಗಡಿಗೆ ಹೋಗಿ "ಸೀಸ ಉಂಟಾ? ಗುಂಡು ಮಾಡ್ಲಿಕ್ಕೆ" ಎಂದು ಕೇಳಿದ್ದೆ. ಅಂಗಡಿಯ ಹುಡುಗ ತಕ್ಕಡಿಯಿಂದ ತಲೆ ಎತ್ತಿ, "ಎಂತ ಅಕ್ಕ, ಹಂದಿಗಾ?" ಎಂದ. ತೋಟಕ್ಕೆ ಹಂದಿ ನುಗ್ಗುವ ಊರು ನಮ್ಮದು, ಅವನನ್ನು ಹೇಳಿ ಪ್ರಯೋಜನ ಇಲ್ಲ. ಕೋವಿಯ ಗುಂಡಿನ ಕಥೆಯೇ ಬೇರೆ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ನಾನು ಬರೆಯುತ್ತಿರುವುದು ಬೀಸುಬಲೆಯ ಅಂಚಿಗೆ ಪೋಣಿಸುವ ಗುಂಡಿನ ಬಗ್ಗೆ. ಮಲಯಾಳದವರು ಈಯ ಎನ್ನುತ್ತಾರೆ, ನಾವು ಸೀಸ ಎನ್ನುತ್ತೇವೆ, ಮುಳುಗುವುದು ಒಂದೇ ಹೊಳೆಯಲ್ಲಿ.

ನಾನು ಕುಂಬಳೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅಪ್ಪ ಶಿರಿಯಾ ಅಳಿವೆಯಲ್ಲಿ ಬಲೆ ಬೀಸುತ್ತಿದ್ದರು. ಹರಿದ ಬಲೆಗೆ ಕಣ್ಣಿ ಹಾಕುವುದನ್ನು ರವಿಕೆ ಹೊಲಿಯುವುದಕ್ಕಿಂತ ಮೊದಲೇ ಕಲಿತೆ. ಈಗಲೂ ಅಕ್ಕಪಕ್ಕದವರು ಬಲೆ ತಂದು ಅಂಗಡಿಯ ಜಗಲಿಯಲ್ಲಿ ಇಟ್ಟು ಹೋಗುತ್ತಾರೆ. ಗುಂಡು ಉದುರಿದ ಬಲೆಗೆ ಪೇಟೆಯಿಂದ ಗುಂಡು ತಂದರೆ ಒಂದು ಎಂಟು ಗ್ರಾಂ ಇರುತ್ತದೆ, ಇನ್ನೊಂದು ಹದಿಮೂರು. ಬಲೆಯ ಒಂದು ಬದಿ ಮೊದಲು ತಳ ಮುಟ್ಟಿದರೆ, ಇನ್ನೂ ಮುಟ್ಟದ ಬದಿಯಿಂದ ಮೀನು ನುಸುಳುತ್ತದೆ. ಅದಕ್ಕೇ ನಾನೇ ಎರಕ ಹೊಯ್ಯಲು ಶುರು ಮಾಡಿದ್ದು.

ಮೊದಲು ಕಾಲದ ಮಾತು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಹೊಳೆಗೆ ಇಳಿಯಲಾಗುವುದಿಲ್ಲ, ಬಲೆ ಮನೆಯಲ್ಲೇ ಇರುತ್ತದೆ, ಕೈ ಖಾಲಿ ಇರುತ್ತದೆ. ಎಲ್ಲರಿಗೂ ಆಗಲೇ ಸೀಸ ಕರಗಿಸುವ ಮನಸ್ಸಾಗುತ್ತದೆ. ಬೇಡ. ನಾನೂ ಹಾಗೆ ಮಾಡಿ ಪೆಟ್ಟು ತಿಂದವಳು. ಆವತ್ತು ಬಾಣಲೆಯಲ್ಲಿ ಸೀಸ ಕರಗಿ ಕನ್ನಡಿಯ ಹಾಗೆ ಆಗಿತ್ತು. ಹಳೆ ಬಲೆಯಿಂದ ಬಿಚ್ಚಿದ ಗುಂಡುಗಳನ್ನು ಎರಡು ದಿನ ಒಲೆಯ ಪಕ್ಕ ಇಟ್ಟು ಒಣಗಿಸಿದ್ದೆ. ಮುಟ್ಟಿದರೆ ಬೆಚ್ಚಗಿದ್ದವು. ಒಂದನ್ನು ಹಾಕಿದೆ, ಏನೂ ಆಗಲಿಲ್ಲ. ಎರಡನೆಯದು ಮುಳುಗಿದ್ದೇ ತಡ, ಪಟಾಕಿಯ ಹಾಗೆ ಸದ್ದಾಯಿತು, ಸೀಸ ಮೇಲಿನ ಶೀಟಿನವರೆಗೆ ಹಾರಿತು. ಬಲಗೈಯ ಮಣಿಕಟ್ಟಿನ ಮೇಲೆ ಅವರೆಕಾಳಿನಷ್ಟು ದೊಡ್ಡ ಕಲೆ ಇನ್ನೂ ಇದೆ. ಕನ್ನಡಕದ ಎಡಗಾಜಿನ ಮೇಲೆ ಒಂದು ಹನಿ ಹೆಪ್ಪುಗಟ್ಟಿ ಕೂತಿತ್ತು. ಹೊಲಿಗೆಗೆಂದು ಮಾಡಿಸಿದ ಕನ್ನಡಕ. ಅದಿಲ್ಲದಿದ್ದರೆ ಇವತ್ತು ಸೂಜಿಗೆ ನೂಲು ಪೋಣಿಸಲು ಮಗಳನ್ನು ಕರೆಯಬೇಕಿತ್ತು.

ಆಮೇಲೆ ಯೋಚಿಸಿದರೆ ಸಂಗತಿ ಸರಳ. ಗುಂಡಿನ ತೂತಿನೊಳಗೆ ಅಳಿವೆಯ ಕೆಸರು ಗಟ್ಟಿಯಾಗಿ ಕೂತಿತ್ತು, ಅದರೊಳಗೆ ತೇವ ಇತ್ತು. ಸೀಸ ಕರಗುವುದು 327 ಡಿಗ್ರಿಯಲ್ಲಿ. ಆ ಬಿಸಿಗೆ ಸಿಕ್ಕಿದ ನೀರು ಕ್ಷಣದಲ್ಲಿ ಆವಿಯಾಗಿ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಮೇಲೆ ಬಿದ್ದ ಬೆವರ ಹನಿ ಹೆಚ್ಚಾಗಿ ಚುಂಯ್ ಎಂದು ಹಾರಿಹೋಗುತ್ತದೆ. ಸೀಸದ ಅಡಿಗೆ ಹೋದ ನೀರು ಮಾತ್ರ ಸೀಸವನ್ನೇ ಎತ್ತಿಕೊಂಡು ಬರುತ್ತದೆ. ಆದ್ದರಿಂದ ಈ ಕೆಲಸ ದೀಪಾವಳಿ ಕಳೆದ ಮೇಲೆ, ಮಳೆಯ ಸುಳಿವೇ ಇಲ್ಲದ ದಿನ, ಬಿಸಿಲು ಏರಿದ ಮೇಲೆ. ಹಳೆಯ ಗುಂಡು, ಗುಜರಿಯ ತುಂಡು ಏನೇ ಇರಲಿ, ತಣ್ಣಗಿನ ಬಾಣಲೆಗೆ ಮೊದಲೇ ಹಾಕಿ ಆಮೇಲೆ ಒಲೆ ಹಚ್ಚಿ. ತೇವ ಇದ್ದರೆ ಕರಗುವ ಮೊದಲೇ ಆರುತ್ತದೆ. ಕರಗಿದ ಸೀಸಕ್ಕೆ ನಡುವೆ ಬೇರೆ ಗುಂಡು, ತುಂಡು ಸೇರಿಸಬೇಡಿ. ಸೌಟು, ಅಚ್ಚು, ಕಲಕುವ ಸಲಾಕೆ ಎಲ್ಲವನ್ನೂ ಬೆಂಕಿಗೆ ಹಿಡಿದು ಕಾಯಿಸಿಯೇ ಮುಟ್ಟಿಸಿ. ಕೆಂಪುಕಲ್ಲಿನ ಮೇಲೆ ಒಲೆ ಇಡುವುದೂ ಬೇಡ. ಆ ಕಲ್ಲು ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ, ಸೀಸ ಚೆಲ್ಲಿದರೆ ಸಿಡಿಯಬಹುದು. ನಾನು ಅಂಗಳದಲ್ಲಿ ಒಣ ಹೊಯ್ಗೆ, ಅಂದರೆ ಮರಳು, ಹರಡಿ ಅದರ ಮೇಲೆ ದಪ್ಪ ಕಬ್ಬಿಣದ ತಗಡು ಹಾಸುತ್ತೇನೆ.

ಸೀಸ ಎಲ್ಲಿಂದ? ಟಯರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡುವಾಗ ಕಿತ್ತು ಹಾಕಿದ ತೂಕದ ತುಂಡುಗಳು ಸಿಗುತ್ತವೆ. ಆದರೆ ಈಗ ಅವುಗಳಲ್ಲಿ ಸತುವಿನದ್ದೂ ಕಬ್ಬಿಣದ್ದೂ ಬೆರೆತಿರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಅಂಚು ಕಚ್ಚಿ ನೋಡಿ. ಸೀಸ ಬೆಲ್ಲದ ಹಾಗೆ ಬಿಟ್ಟುಕೊಡುತ್ತದೆ, ಸತು ಕೈಗೆ ತಿರುಗಿ ಒದೆಯುತ್ತದೆ. ಸತು ಕರಗಲು 419 ಡಿಗ್ರಿ ಬೇಕು. ಕಣ್ತಪ್ಪಿ ಒಂದೆರಡು ಸೇರಿದರೂ ಉರಿ ಸಣ್ಣಗಿದ್ದರೆ ಅವು ಮೇಲೆ ತೇಲುತ್ತವೆ, ಕಬ್ಬಿಣದ ಕ್ಲಿಪ್ಪುಗಳ ಜೊತೆ ಎತ್ತಿ ಹಾಕಬಹುದು. ಉರಿ ಜಾಸ್ತಿ ಮಾಡಿ ಸತು ಕರಗಿತೋ, ಇಡೀ ಬಾಣಲೆ ಗಂಜಿಯ ಹಾಗಾಗುತ್ತದೆ, ಅಚ್ಚಿಗೆ ಸರಿಯಾಗಿ ಇಳಿಯುವುದೇ ಇಲ್ಲ. ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುತ್ತೇನೆಂದು ಮಾತ್ರ ಹೊರಡಬೇಡಿ. ಆಸಿಡ್ ಒಂದು ಕಡೆ. ಅದರ ಫಲಕಗಳಲ್ಲಿ ಬೆರೆತ ಬೇರೆ ಲೋಹಗಳಿಂದ ಹುಟ್ಟುವ ವಿಷದ ಗಾಳಿ ಇನ್ನೊಂದು ಕಡೆ. ಹಳೆ ಬ್ಯಾಟರಿ ಹೊಸ ಬ್ಯಾಟರಿ ಕೊಟ್ಟ ಅಂಗಡಿಗೇ ಹೋಗಲಿ.

ಎಷ್ಟು ಬೇಕು ಎನ್ನುವ ಲೆಕ್ಕ ಇಟ್ಟುಕೊಳ್ಳಿ. ತುದಿಯಿಂದ ಅಂಚಿಗೆ ಮೂರು ಮೀಟರ್ ಉದ್ದದ ಬಲೆ ಬಿಚ್ಚಿಕೊಂಡರೆ ಅಂಚಿನ ಸುತ್ತಳತೆ ಹತ್ತೊಂಬತ್ತು ಮೀಟರ್ ಹತ್ತಿರ ಬರುತ್ತದೆ. ಎರಡು ಇಂಚಿಗೊಂದರಂತೆ 370 ಗುಂಡು. ಎಂಟು ಮಿಲಿಮೀಟರ್ ದಪ್ಪ, ಎರಡು ಸೆಂಟಿಮೀಟರ್ ಉದ್ದ, ನಡುವೆ ಮೂರು ಮಿಲಿಮೀಟರ್ ತೂತು, ಇಷ್ಟಿದ್ದರೆ ಒಂದೊಂದು ಹತ್ತು ಗ್ರಾಂಗೆ ಚೂರು ಕಮ್ಮಿ. ಕಸರು ಕಳೆಯುವುದನ್ನೂ ಸೇರಿಸಿ ನಾಲ್ಕು ಕಿಲೋ ತನ್ನಿ. ನಾಲ್ಕು ಕಿಲೋ ಎಂದು ದೊಡ್ಡ ಪಾತ್ರೆ ಹುಡುಕಬೇಡಿ. ಕರಗಿದರೆ ಅದು ಅರ್ಧ ಲೀಟರೂ ಆಗುವುದಿಲ್ಲ. ದಪ್ಪ ತಳದ ಸಣ್ಣ ಕಬ್ಬಿಣದ ಬಾಣಲೆ ಸಾಕು. ಅಲ್ಯೂಮಿನಿಯಂ ಬೇಡ, ಬಿಸಿಗೆ ಮೆತ್ತಗಾಗಿ ತಳ ಕೈಕೊಟ್ಟರೆ ಕಾಲ ಮೇಲೇ ಬೀಳುವುದು. ಸೀಸ ಕಂಡ ಬಾಣಲೆ, ಸೌಟು ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ನಾನು ಹಿಡಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ ಕೊಟ್ಟಿಗೆಯ ಮಾಡಿಗೆ ತೂಗು ಹಾಕಿದ್ದೇನೆ.

ಅಚ್ಚಿಗೆ ಲೇತ್ ಇರುವ ವರ್ಕ್‌ಶಾಪಿಗೆ ಹೋಗಿ. ಇಪ್ಪತ್ತೈದು ಮಿಲಿಮೀಟರ್ ಅಗಲದ ಎರಡು ಕಬ್ಬಿಣದ ಪಟ್ಟಿ ಮುಖಕ್ಕೆ ಮುಖ ಹಚ್ಚಿ ಕ್ಲಾಂಪ್ ಹಾಕಿ, ಎರಡೂ ಕೂಡುವ ಗೆರೆಯ ಮೇಲೆಯೇ ಎಂಟು ಮಿಲಿಮೀಟರಿನ ಬಿಟ್ ಇಳಿಸಬೇಕು. ಬಿಡಿಸಿದರೆ ಒಂದೊಂದು ಪಟ್ಟಿಯಲ್ಲೂ ಅರ್ಧ ಕೊಳವೆ. ಮೇಲಿನ ಐದು ಮಿಲಿಮೀಟರನ್ನು ಆಲಿಕೆಯ ಹಾಗೆ ಅಗಲ ಮಾಡಿಸಿ, ಸೀಸ ಹೊಯ್ಯಲು. ಅಡಿಗೆ ಮೂರನೆಯ ಪಟ್ಟಿ, ಅದರಲ್ಲಿ ಪ್ರತಿ ಕೊಳವೆಯ ನಡುವಿಗೆ ಸರಿಯಾಗಿ ಮೂರು ಮಿಲಿಮೀಟರ್ ತೂತು. ಅದರಲ್ಲಿ ಸ್ಟೀಲ್ ಕಡ್ಡಿ ನೆಟ್ಟಗೆ ನಿಲ್ಲುತ್ತದೆ, ಗುಂಡಿನ ತೂತು ಆಗುವುದು ಆ ಕಡ್ಡಿಯಿಂದ. ಒಂದು ಅಚ್ಚಿಗೆ ಆರು ಕೊಳವೆ ಸಾಕು. ಹತ್ತು ಮಾಡಿಸಿದವರು ಐದನೆಯದಕ್ಕೆ ಬರುವಾಗ ಸೌಟಿನಲ್ಲಿ ಸೀಸ ಗಟ್ಟಿಯಾಗಿ ಪರದಾಡುತ್ತಾರೆ. ಎರೆಯುವ ಮೊದಲು ಅಚ್ಚಿನ ಒಳಮೈಗೂ ಕಡ್ಡಿಗೂ ಚಿಮಿಣಿ ದೀಪದ ಮಸಿ ಹಿಡಿಸಿ. ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು ತೆಳ್ಳಗೆ. ಗುಂಡು ಅಂಟದೆ ಬಿಡುತ್ತದೆ.

ಬಟ್ಟೆಯ ವಿಷಯದಲ್ಲಾದರೂ ನನ್ನ ಮಾತು ಕೇಳಿ, ಅದು ನನ್ನ ಕಸುಬು. ಪಾಲಿಯೆಸ್ಟರ್ ನೈಟಿ, ನೈಲಾನ್ ಸೀರೆ, ಟೆರಿಕಾಟ್ ಅಂಗಿ ಯಾವುದೂ ಬೇಡ. ಬಿಸಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಹತ್ತಿಯ ಪ್ಯಾಂಟು. ಪ್ಯಾಂಟಿನ ಕೆಳಗೆ ಮಡಿಚಬೇಡಿ, ಹನಿ ಬಂದು ಕೂರುವುದು ಆ ಮಡಿಕೆಯಲ್ಲೇ. ಎದೆಯ ಮೇಲೆ ತೆರೆದ ಕಿಸೆಯೂ ಇರಬಾರದು. ಮುಂಡು, ಲುಂಗಿ ಉಟ್ಟು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂರುವವರಿಗೆ ಹೇಳಿ ಪ್ರಯೋಜನ ಇಲ್ಲ, ಆದರೂ ಹೇಳಿದ್ದೇನೆ. ಕಾಲಿಗೆ ಚಪ್ಪಲಿ ಅಲ್ಲ, ಮುಚ್ಚಿದ ಚರ್ಮದ ಶೂ. ಕೈಗೆ ವೆಲ್ಡಿಂಗಿನವರ ಚರ್ಮದ ಗವಸು. ಕಣ್ಣಿಗೆ ಕನ್ನಡಕ, ಸಾಧ್ಯವಾದರೆ ಇಡೀ ಮುಖ ಮುಚ್ಚುವ ಶೀಲ್ಡ್. ಎನ್95 ಮಾಸ್ಕ್ ಕೂಡ.

ಈಗ ಒಲೆ ಹಚ್ಚಿ. ತೆಂಗಿನ ಗೆರಟೆಯ ಕೆಂಡ ಹೇಳಿದ ಮಾತು ಕೇಳುವುದಿಲ್ಲ, ಗ್ಯಾಸ್ ಆದರೆ ಉರಿ ಕೈಯಲ್ಲಿರುತ್ತದೆ. ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿನಿಂದ ಓರೆಯಾಗಿ ಹೋಗುವ ಹಾಗೆ ನಿಲ್ಲಿ. ಕರಗಿದ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಬಟಾಣಿಯಷ್ಟು ಮೇಣದಬತ್ತಿಯ ತುಂಡು ಹಾಕಿ, ಹೊಗೆ ಬಂದು ಭಗ್ ಎಂದು ಹತ್ತಿಕೊಳ್ಳಬಹುದು, ಹೆದರಬೇಡಿ, ಮುಖ ಮಾತ್ರ ದೂರ ಇರಲಿ. ಕಾಯಿಸಿದ ಸಲಾಕೆಯಲ್ಲಿ ತಳದಿಂದ ಕಲಕಿ. ಕಸರು ಪುಡಿಯಾಗಿ ಮೇಲೆ ಬರುತ್ತದೆ, ಮೆಲ್ಲಗೆ ತೆಗೆದು ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ. ಈ ಪುಡಿಯೇ ಎಲ್ಲಕ್ಕಿಂತ ಕೆಟ್ಟದ್ದು. ತೆಂಗಿನ ಬುಡಕ್ಕೆ ಚೆಲ್ಲುವುದು, ಬಾವಿಕಟ್ಟೆಯ ಹತ್ತಿರ ಕೊಡವುದು ಬೇಡವೇ ಬೇಡ. ಡಬ್ಬಿ ತುಂಬಿದ ಮೇಲೆ ಸೀಸ ಕೊಳ್ಳುವವರಿಗೇ ಕೊಡಿ.

ಸೀಸದ ಮೈ ಬೆಳ್ಳಿಯಂತಿದ್ದರೆ ಹದ ಸರಿ. ಮೇಲೆ ಹಳದಿ, ನೇರಳೆ ಛಾಯೆ ಓಡಾಡತೊಡಗಿದರೆ ಉರಿ ತಗ್ಗಿಸಿ. ಬಾಣಲೆ ಎತ್ತಬೇಡಿ, ಸೌಟಿನಲ್ಲೇ ಹೊಯ್ಯಿರಿ, ಒಂದೇ ಧಾರೆಯಲ್ಲಿ, ಆಲಿಕೆ ತುಂಬುವವರೆಗೆ. ಗಟ್ಟಿಯಾಗುವಾಗ ಸೀಸ ಕುಗ್ಗಿ ನಡುವೆ ಗುಳಿ ಬೀಳುತ್ತದೆ, ಆಲಿಕೆಯಲ್ಲಿ ಉಳಿದದ್ದು ಆ ಗುಳಿಗೆ ಇಳಿಯುತ್ತದೆ. ನೋಡುತ್ತಿರಿ. ಹೊಳೆಯುತ್ತಿದ್ದ ಮೈ ಒಮ್ಮೆಲೇ ಮಂಕಾಗುತ್ತದೆ, ದೀಪ ಆರಿದ ಹಾಗೆ. ಆಮೇಲೆ ಇಪ್ಪತ್ತು ಎಣಿಸಿ, ಇಕ್ಕಳದಿಂದ ಕಡ್ಡಿಯನ್ನು ತಿರುಚಿ ಎಳೆಯಿರಿ. ಪೂರ್ತಿ ತಣಿಯಲು ಬಿಟ್ಟರೆ ಸೀಸ ಕಡ್ಡಿಯನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಗುಂಡುಗಳನ್ನು ಒಣ ಹಲಗೆಯ ಮೇಲೆ ಹಾಕಿ. ಬೇಗ ತಣಿಯಲಿ ಎಂದು ಬಕೆಟಿನ ನೀರು ತಂದು ಪಕ್ಕ ಇಟ್ಟುಕೊಳ್ಳುವವರಿದ್ದಾರೆ. ನೀರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಮತ್ತೆ ಹೇಳುವುದಿಲ್ಲ.

ಮೊದಲ ಹತ್ತು ಹದಿನೈದು ಗುಂಡು ಸುಕ್ಕುಸುಕ್ಕಾಗಿ, ಅಜ್ಜಿಯ ಬೆರಳಿನ ಹಾಗೆ ಬರುತ್ತವೆ. ಅಚ್ಚು ಇನ್ನೂ ಕಾದಿಲ್ಲ ಎಂದರ್ಥ. ಮೈಯೆಲ್ಲ ಇಬ್ಬನಿ ಕೂತ ಹಾಗೆ ಬೆಳ್ಳಗೆ ಬಂದರೆ ಅಚ್ಚು ವಿಪರೀತ ಕಾದಿದೆ, ಸ್ವಲ್ಪ ಆರಲು ಬಿಡಿ. ಕೆಟ್ಟವನ್ನೂ, ಆಲಿಕೆಯಲ್ಲಿ ಗಟ್ಟಿಯಾಗಿ ಉಳಿದು ಗುಂಡಿನಿಂದ ಕತ್ತರಿಸಿದ ಬಾಲಗಳನ್ನೂ ಒಂದು ಕಡೆ ಕೂಡಿಡಿ, ಮುಂದಿನ ಸಲ ತಣ್ಣಗಿನ ಬಾಣಲೆಗೆ ಹಾಕಿದರಾಯಿತು. ಹತ್ತು ಗುಂಡು ಒಟ್ಟಿಗೆ ತೂಗಿ. 95ರಿಂದ 98 ಗ್ರಾಂ ಒಳಗೆ ಬಂದರೆ ಕೈ ಕುದುರಿದೆ.

ಕರಗಿಸುವುದೇ ಬೇಡ ಎನ್ನುವವರಿಗೆ ದಾರಿ ಇದೆ. ಒಂದು ಮಿಲಿಮೀಟರ್ ದಪ್ಪದ ಸೀಸದ ಹಾಳೆ ಸಿಕ್ಕಿದರೆ ಎರಡು ಸೆಂಟಿಮೀಟರ್ ಅಗಲ, ನಾಲ್ಕೂವರೆ ಉದ್ದದ ತುಂಡು ಕತ್ತರಿಸಿ ಹಗ್ಗಕ್ಕೆ ಸುತ್ತಿ ಮರದ ಸುತ್ತಿಗೆಯಲ್ಲಿ ತಟ್ಟಿ. ಅದೂ ಹತ್ತು ಗ್ರಾಂ. ನಾಲ್ಕೈದು ಗುಂಡು ಉದುರಿದ ಬಲೆಗೆ ನಾನೂ ಹೀಗೇ ಮಾಡುವುದು.

ಅಪ್ಪ ಹಾಗೆ ಸುತ್ತಿದ ಸೀಸವನ್ನು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುತ್ತಿದ್ದರು. ಅದೇ ಕೈಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗೆ ಇಡುತ್ತಿದ್ದರು. ಆಗ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಸೀಸ ಮೈಗೆ ಹೋಗುವುದು ಹೊಗೆಯಿಂದ ಮಾತ್ರ ಎಂದು ತಿಳಿದವರು ಹೆಚ್ಚು. ನಿಜಕ್ಕೂ ಉರಿ ಹಿಡಿತದಲ್ಲಿದ್ದರೆ ಹೊಗೆಗಿಂತ ಬೆರಳಿಗೆ ಹತ್ತಿದ ಕಪ್ಪು, ನೆಲಕ್ಕೆ ಬಿದ್ದ ಪುಡಿ ಬಾಯಿಗೆ ಹೋಗುವುದರ ಭಯವೇ ಜಾಸ್ತಿ. ಇಷ್ಟರವರೆಗೆ ಸೇರಿದರೆ ತೊಂದರೆ ಇಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಎಲುಬಿನಲ್ಲಿ ಕೂತ ಸೀಸ ಬಸುರಿಯಿಂದ ಮಗುವಿಗೂ ಹೋಗುತ್ತದೆ. ಮಗಳು ಹೊಟ್ಟೆಯಲ್ಲಿದ್ದಾಗಿನಿಂದ ಅವಳು ಶಾಲೆಗೆ ಹೋಗುವವರೆಗೆ ನಾನು ಬಾಣಲೆ ಇಳಿಸಲೇ ಇಲ್ಲ. ಈಗಲೂ ಕೆಲಸದ ನಡುವೆ ಎಲೆ ಅಡಿಕೆ, ಬೀಡಿ, ಚಾ ಯಾವುದೂ ಇಲ್ಲ. ಎಲ್ಲ ತಣಿದ ಮೇಲೆ ತಗಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಗುಡಿಸುವುದಿಲ್ಲ. ಗುಡಿಸಿದರೆ ಪುಡಿ ಮೇಲೇಳುತ್ತದೆ. ಹಾಕಿದ ಬಟ್ಟೆ ಬೇರೆಯೇ ಒಗೆದು, ಸಾಬೂನು ಹಾಕಿ ಕೈ ಮುಖ ತೊಳೆದು, ಸ್ನಾನ ಮಾಡಿಯೇ ಒಳಗೆ.

ಪೋಣಿಸುವ ಮೊದಲು ಪ್ರತಿ ಗುಂಡಿನ ತೂತಿನ ಬಾಯಿಗೆ ಚೂರಿಯ ತುದಿ ಹಾಕಿ ಒಂದು ಸುತ್ತು ತಿರುಗಿಸಿ. ಅಚ್ಚಿನ ಅಂಚಿನಿಂದ ಎದ್ದ ಚೂಪು ಹಾಗೇ ಉಳಿದರೆ ನೈಲಾನ್ ಹಗ್ಗವನ್ನು ಒಂದೇ ಹಂಗಾಮಿನಲ್ಲಿ ಕೊಯ್ಯುತ್ತದೆ. ಉಜ್ಜುಕಾಗದ ಬೇಡ, ಪುಡಿಯಾಗುತ್ತದೆ. ಪ್ರತಿ ಗುಂಡಿನ ಎರಡೂ ಬದಿಗೆ ಗಂಟು ಹಾಕಿ, ಒಂದು ಬದಿ ಸಡಿಲಾದರೂ ಹೊಳೆಗೆ ಬೀಳಬಾರದು. ಬ್ರಿಟನ್ನಿನಲ್ಲಿ 1987ರಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದ್ದು, ಕೆಸರಿನಲ್ಲಿ ಬಿದ್ದವನ್ನು ಹಂಸಗಳು ಹರಳೆಂದು ನುಂಗಿ ಸಾಯುತ್ತಿದ್ದವೆಂದು. ಶಿರಿಯಾ ಅಳಿವೆಯ ಕೆಸರು ಕೆದಕುವ ಹಕ್ಕಿಗಳಿಗೂ ಹೊಟ್ಟೆ ಅಂಥದ್ದೇ. ಬಲೆ ಒಣಗಿಸುವಾಗ ಅಂಚನ್ನು ಬೆರಳಲ್ಲಿ ಎಣಿಸಿಕೊಂಡು ಬನ್ನಿ. 370 ಪೋಣಿಸಿದ್ದು 370 ಇರಬೇಕು.