ಹಿಡಿ ಜೋಳದ ಮೇಲೆ ನಿಂತ ಸಭೆ: ನನ್ನ ಅನುಭವ

ಹೊರಗಿನ ದುಡ್ಡಿಲ್ಲದೆ ಹಳ್ಳಿಯಲ್ಲಿ ಬ್ಯಾಪ್ಟಿಸ್ಟ್ ಸಭೆ, ಅಂದರೆ ನಂಬಿ ಬಂದವರನ್ನು ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಕ್ರೈಸ್ತರ ಸಭೆ, ಎರಡು ವರ್ಷವೂ ನಿಲ್ಲುವುದಿಲ್ಲ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಸೇವೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಪಾಸ್ಟರುಗಳೂ ಅದನ್ನೇ ಹೇಳಿದರು. ಈಗ ಹನ್ನೊಂದು ವರ್ಷ ಆಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಸಿಂಧನೂರು–ಮಾನ್ವಿ ಸೀಮೆಯಲ್ಲಿ ನಾಲ್ಕು ಮನೆಯಿಂದ ಶುರುವಾದ ಸಭೆಯಲ್ಲಿ ಇವತ್ತು 27 ಮನೆ, ದೀಕ್ಷಾಸ್ನಾನವಾದವರು 61 ಜನ. ಭಾನುವಾರ ಮಕ್ಕಳೂ ಸೇರಿ ತೊಂಬತ್ತರ ಮೇಲೆ. ಸಾಲ ಒಂದು ರೂಪಾಯಿ ಇಲ್ಲ. ಪಾಸ್ಟರಿಗೆ ತಿಂಗಳಿಗೆ 9,000 ರೂಪಾಯಿ, ಜೊತೆಗೆ ಮನೆಗೆ ಬೇಕಾದ ಕಾಳು ಸಭೆಯೇ ಕೊಡುತ್ತದೆ. ಸಭೆ ನಡೆಸುವವರಿಗೆ ಉಪಯೋಗವಾಗಲಿ ಎಂದು ಮಾಡಿದ ರೀತಿಯನ್ನು ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನ ಮೇಲೆ, ಸ್ವಲ್ಪ ಹೆಚ್ಚುಕಡಿಮೆ ಇದ್ದೀತು.

ಮೊದಲ ನಾಲ್ಕು ಮನೆಯಲ್ಲಿ ಮೂರು ಕ್ಯಾಂಪಿನವು, ಅಂದರೆ ವಲಸೆ ಬಂದವರ ವಸತಿಯವು. ಒಂಗೋಲು, ಗುಂಟೂರು ಕಡೆಯಿಂದ ಗದ್ದೆ ಕೆಲಸಕ್ಕೆ ಬಂದು ನೆಲೆಯೂರಿದವರು, ತಾತನ ಕಾಲದಿಂದ ಬ್ಯಾಪ್ಟಿಸ್ಟರು. ನಾಲ್ಕನೆಯದು ಊರೊಳಗಿನ ಕನ್ನಡದ ಮನೆ. ಕ್ಯಾಂಪಿನವರು ಉಣ್ಣುವುದು ಅನ್ನ, ಊರಿನವರು ಉಣ್ಣುವುದು ರೊಟ್ಟಿ. ಈ ವ್ಯತ್ಯಾಸ ನಮಗೆ ದೊಡ್ಡ ಪಾಠ ಕಲಿಸಿತು.

ಹಿಡಿಕಾಳು ಸಭೆ ನಡೆಸುವವರಿಗೆಲ್ಲ ಗೊತ್ತಿರುವುದೇ. ಹಿಟ್ಟಿಗೆ ಜೋಳ ಅಳೆಯುವಾಗ ಮನೆಯವರ ಲೆಕ್ಕಕ್ಕೆ ಎಷ್ಟೋ ಅಷ್ಟು ಅಳೆದು, ಅದರಿಂದ ಒಂದು ಹಿಡಿ ತೆಗೆದು ಸಭೆಗೆಂದು ಇಟ್ಟ ಡಬ್ಬಿಗೆ ಹಾಕುವುದು. ಹೆಣ್ಣುಮಕ್ಕಳ ಹಿಡಿಗೆ 40–45 ಗ್ರಾಂ ಬರುತ್ತದೆ. ಹದಿನಾಲ್ಕು ಮನೆ ಇದ್ದಾಗ ದಿನಕ್ಕೆರಡು ಹಿಡಿಯಂತೆ ತಿಂಗಳಿಗೆ 38 ಕಿಲೋ ಬರಬೇಕಿತ್ತು. ಬಂದದ್ದು 22, ಹೆಚ್ಚೆಂದರೆ 25. ಮೂರರಲ್ಲಿ ಒಂದು ಪಾಲು ಮರೆವಿಗೆ ಹೋಗುತ್ತದೆ ಎಂದು ಮೊದಲೇ ಬಿಟ್ಟುಬಿಡಿ. ಡಬ್ಬಿಯನ್ನು ದೇವರ ವಾಕ್ಯದ ಪಟದ ಕೆಳಗೆ ಇಡಬೇಡಿ, ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಡಬೇಕು. ಜಾಗ ಬದಲಿಸಿದ್ದಕ್ಕೇ ನಮಗೆ ತಿಂಗಳಿಗೆ ಐದಾರು ಕಿಲೋ ಹೆಚ್ಚಾಯಿತು.

ಮೊದಲ ವರ್ಷ ಅಕ್ಕಿ, ಜೋಳ, ಸಜ್ಜೆ ಒಂದೇ ಚೀಲಕ್ಕೆ ಸುರಿದೆವು. ಬೆರಕೆ ಕಾಳನ್ನು ಯಾವ ವ್ಯಾಪಾರಿಯೂ ಕೊಳ್ಳಲಿಲ್ಲ, ಕೊನೆಗೆ ಕೋಳಿ ಸಾಕುವವರಿಗೆ ಅರ್ಧ ಬೆಲೆಗೆ ಹೋಯಿತು. ಆಮೇಲೆ ಕೆಂಪು ಡಬ್ಬಿ ಜೋಳಕ್ಕೆ, ಹಸಿರು ಡಬ್ಬಿ ಅಕ್ಕಿಗೆ ಎಂದು ಮಾಡಿದೆವು. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ರೇಷನ್ ಅಕ್ಕಿಯನ್ನು ಕೂಡಿಸಿ ಮಾರಬೇಡಿ, ಅದು ಅಪರಾಧ. ಸಭೆಯ ಹೆಸರಿನ ಚೀಲದಲ್ಲಿ ಸಿಕ್ಕರೆ ಸಭೆಯ ಹೆಸರೇ ಹೋಗುತ್ತದೆ. ಹಾಗೆ ಬಂದ ಅಕ್ಕಿಯನ್ನು ಮಾರದೆ ತಿಂಗಳ ಮೊದಲ ಭಾನುವಾರದ ಊಟಕ್ಕೆ ಬೇಯಿಸಿ.

ಕೂಡಿಟ್ಟ ಜೋಳಕ್ಕೆ ನುಸಿ ಬೀಳುತ್ತದೆ. ಮನೆಮನೆಯಿಂದ ಬರುವ ಕಾಳು ಅಲ್ಲವೇ, ಒಂದು ಮನೆಯ ಹುಳು ಇಡೀ ಚೀಲಕ್ಕೆ ಹತ್ತುತ್ತದೆ. ನಾವು ತಿಂಗಳಿಗೊಮ್ಮೆ ಕೂಡಿಸಿ, ಎರಡು ದಿನ ಕಡುಬಿಸಿಲಲ್ಲಿ ಹರಡಿ, ಹಲ್ಲಿಗೆ ಹಾಕಿದರೆ ಕಟ್ ಎನ್ನುವ ತನಕ ಒಣಗಿಸಿ, ನೆರಳಲ್ಲಿ ಆರಿಸಿಯೇ ತುಂಬುತ್ತೇವೆ. ಬಿಸಿ ಇದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ. ನಡುನಡುವೆ ಒಣ ಬೇವಿನ ಸೊಪ್ಪಿನ ಪದರ ಹಾಕಬೇಕು. ಹಸಿ ಸೊಪ್ಪು ಹಾಕಿದ ವರ್ಷ ಒಂದು ಚೀಲ ಬೂಸಲು ಬಂದು ಹೋಯಿತು. ಹಿಂಗಾರಿ ಜೋಳ ಮಾರುಕಟ್ಟೆಗೆ ಬರುವ ಫೆಬ್ರವರಿ–ಮಾರ್ಚಿನಲ್ಲಿ ಮಾರಬಾರದು, ಆಗಸ್ಟ್ ತನಕ ತಡೆದರೆ ಕಿಲೋಗೆ ಐದಾರು ರೂಪಾಯಿ ಹೆಚ್ಚು ಸಿಗುತ್ತದೆ.

ಮೂರು ವಾರ ಡಬ್ಬಿ ಬಾರದ ಮನೆಗೆ ಯಾರು ಹೋಗಬೇಕು, ಹೋಗಿ ಮೊದಲು ಏನು ಕೇಳಬೇಕು ಎಂಬುದಕ್ಕೆ ನಮ್ಮದೇ ಒಂದು ಪದ್ಧತಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇವೆ. ಇಷ್ಟು ಹೇಳಬಲ್ಲೆ: ಡಬ್ಬಿ ನಿಂತಿತೆಂದರೆ ಆ ಮನೆಯಲ್ಲಿ ಕಾಯಿಲೆಯೋ ಜಗಳವೋ ಸಾಲವೋ ಇರುತ್ತದೆ. ಕಾಣಿಕೆ ಪುಸ್ತಕಕ್ಕಿಂತ ಡಬ್ಬಿಯೇ ಬೇಗ ಸುದ್ದಿ ಕೊಡುತ್ತದೆ.

ಕಾಳಿನ ದುಡ್ಡು ಸಣ್ಣದು, ವರ್ಷಕ್ಕೆ ಎಂಟರಿಂದ ಹದಿನೈದು ಸಾವಿರ. ದೊಡ್ಡದು ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಹರಾಜು. ಒಂದು ಕುಂಬಳಕಾಯಿ 700 ರೂಪಾಯಿಗೆ ಹೋಗುತ್ತದೆ, ಕೊಂಡವರೇ ಮತ್ತೆ ಕಾಣಿಕೆ ಕೊಟ್ಟು ಎರಡನೇ ಸಲ ಕೂಗಿಸುತ್ತಾರೆ. ಈಗ ಒಂದು ಹಬ್ಬಕ್ಕೆ ಅರವತ್ತು–ಎಪ್ಪತ್ತು ಸಾವಿರ ಬರುತ್ತದೆ. ಆದರೆ ಸಾಲದ ಹರಾಜು ಬೇಡ. ಎರಡು ವರ್ಷ ಹಾಗೆ ಬಿಟ್ಟು ಹದಿನೆಂಟು ಸಾವಿರ ವಸೂಲಾಗಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ, ಕೊಡಲಾಗದ ಎರಡು ಮನೆಯವರು ನಾಚಿಕೆಗೆ ಆರಾಧನೆಗೆ ಬರುವುದನ್ನೇ ಬಿಟ್ಟರು. ಮೇಕೆಮರಿ ಯೋಜನೆಯನ್ನೂ ಮಾಡಿ ನೋಡಿದೆವು. ಸಭೆಯ ಆರು ಮರಿಯನ್ನು ಸಾಕಲು ಕೊಟ್ಟು ಮೊದಲ ಈತು ಸಭೆಗೆ ಎಂದಿತ್ತು. ನಾಲ್ಕು ಸತ್ತವು. ಸತ್ತದ್ದು ಯಾವಾಗಲೂ ಸಭೆಯ ಮರಿ, ಬದುಕಿದ್ದು ಮನೆಯ ಮರಿ ಎಂಬ ಮಾತು ಎದ್ದಿತು. ನಿಲ್ಲಿಸಿಬಿಟ್ಟೆವು.

ದೀಕ್ಷಾಸ್ನಾನಕ್ಕೆ ಕಾಯಿಸುವ ವಿಷಯದಲ್ಲಿ ನಮ್ಮನ್ನು ಎಲ್ಲರೂ ಬೈದರು. ದೀಕ್ಷಾಸ್ನಾನ ಕೇಳಿದವರನ್ನು ನಾವು ಒಂದು ಪೂರ್ತಿ ಬೆಳೆ ಕಾಯಿಸುತ್ತೇವೆ. ಹತ್ತಿ ಬಿತ್ತುವಾಗ ಕೇಳಿದರೆ ಬಿಡಿಸಿ ಮುಗಿದ ಮೇಲೆ, ಅಂದರೆ ಎಂಟು–ಒಂಬತ್ತು ತಿಂಗಳು. ಅಷ್ಟರಲ್ಲಿ ಬೇರೆ ಸಭೆಯವರು ಕರೆದುಕೊಂಡು ಹೋಗುತ್ತಾರೆ ಎಂದರು. ಹೋದರು ಕೂಡ, ಏಳೆಂಟು ಜನ. ಆದರೆ ನಿಂತವರು ಗಟ್ಟಿ ನಿಂತರು. ಇದು ನಮ್ಮ ಕ್ಯಾಂಪಿನ ಹಿರಿಯರ ತಾತಂದಿರ ಕಾಲದ್ದೇ. 1876–78ರ ಬರಗಾಲದಲ್ಲಿ ಒಂಗೋಲಿನಲ್ಲಿದ್ದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಕೆಲಸ ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಡಿಸಿದರು. ಗಂಜಿಗಾಗಿ ಬಂದರು ಎಂಬ ಮಾತು ಬರಬಾರದೆಂದು ಸುಮಾರು 15 ತಿಂಗಳು ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ಇಳಿದರು. ಆ ಸಂಖ್ಯೆಯನ್ನು ಎಲ್ಲರೂ ಉಜ್ಜೀವನ ಕೂಟದಲ್ಲಿ ಹೇಳುತ್ತಾರೆ, ಆ 15 ತಿಂಗಳನ್ನು ಯಾರೂ ಹೇಳುವುದಿಲ್ಲ.

ಅದೇ ಕಾರಣಕ್ಕೆ ಸ್ನಾನದ ದಿನ ನಾವು ಯಾರಿಗೂ ಏನೂ ಕೊಡುವುದಿಲ್ಲ. ಸೀರೆ ಇಲ್ಲ, ಪಂಚೆ ಇಲ್ಲ, ಒಂದು ಟವೆಲ್ ಕೂಡ ಇಲ್ಲ. ಹದಿನೆಂಟು ತುಂಬಿರಬೇಕು, ಆಧಾರ್ ನೋಡಿಯೇ ಹೆಸರು ಬರೆಯುತ್ತೇವೆ. ಕರ್ನಾಟಕದಲ್ಲಿ 2022ರ ಮತಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ಕಾಗದಪತ್ರ ಏನು ಬೇಕೋ ಅದನ್ನು ವಕೀಲರ ಕೈಯಲ್ಲೇ ಮಾಡಿಸಬೇಕು.

ಗುಳೆಯ ವಿಷಯ ಈ ಸೀಮೆಯವರಿಗೆ ಹೇಳಬೇಕಿಲ್ಲ. ದೀಪಾವಳಿ ದಾಟಿದರೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಅರ್ಧ ಊರು ಖಾಲಿ, ಸಭೆಯೂ ಅರ್ಧ ಖಾಲಿ. ಹೋಗುವವರಿಗೆ ಒಂದು ಸಣ್ಣ ಡಬ್ಬಿ ಕೊಟ್ಟು ಕಳಿಸುತ್ತೇವೆ. ಶೆಡ್ಡಿನಲ್ಲಿ ಅಡುಗೆ ಮಾಡುವಾಗ ಒಂದು ಹಿಡಿಯ ಬದಲು ಎರಡು ರೂಪಾಯಿ ಹಾಕುತ್ತಾರೆ. ಆರಾಧನೆಯ ಹೊತ್ತನ್ನೂ ಬದಲಿಸಿದೆವು. ಬೆಳಗಿನ ಹತ್ತಕ್ಕೆ ಇಟ್ಟಾಗ ಕಳೆ ಕೀಳುವ ಕಾಲದಲ್ಲಿ ಹನ್ನೆರಡು ಜನ, ಸಂಜೆ ಏಳೂವರೆಗೆ ಇಟ್ಟ ಮೇಲೆ ನಲವತ್ತು.

ಬ್ಯಾಪ್ಟಿಸ್ಟ್ ಸಭೆ ಎಂದ ಮೇಲೆ ತೀರ್ಮಾನ ಸಭೆಯದು, ಪಾಸ್ಟರದಲ್ಲ. ಆದರೆ ಹಳ್ಳಿಯಲ್ಲಿ ಕೈ ಎತ್ತಿಸಿದರೆ ಮಾವ ಎತ್ತಿದ ಕಡೆ ಸೊಸೆ ಎತ್ತುತ್ತಾಳೆ, ಜಮೀನಿನವನು ಎತ್ತಿದ ಕಡೆ ಕೂಲಿಯವನು. ಚೀಟಿ ಕೊಟ್ಟರೆ ಓದು ಬಾರದವರು ಇನ್ನೊಬ್ಬರ ಕೈಯಲ್ಲಿ ಬರೆಸುತ್ತಾರೆ. ನಾವು ಕಾಳಿನಿಂದ ಮತ ಹಾಕಿಸುತ್ತೇವೆ. ಪ್ರತಿಯೊಬ್ಬರ ಕೈಗೆ ಒಂದು ಕಡಲೆ, ಒಂದು ತೊಗರಿ. ಕಡಲೆ ಅಂದರೆ ಹೌದು, ತೊಗರಿ ಅಂದರೆ ಬೇಡ. ಕೈ ತೂರುವಷ್ಟೇ ಬಾಯಿ ಬಿಟ್ಟು ಕಟ್ಟಿದ ಬಟ್ಟೆ ಚೀಲದೊಳಗೆ ಮುಷ್ಟಿ ಹಾಕಿ ಒಂದನ್ನು ಬಿಟ್ಟು ಬರಬೇಕು, ಉಳಿದದ್ದನ್ನು ಬಾಗಿಲ ಬಳಿಯ ಇನ್ನೊಂದು ಚೀಲಕ್ಕೆ. ಎರಡೂ ಚೀಲ ಎಣಿಸಿದರೆ ಲೆಕ್ಕ ತಾಳೆಯಾಗಲೇಬೇಕು. ಮೊದಲು ಜೋಳ ಮತ್ತು ಕಡಲೆ ಇಟ್ಟಿದ್ದೆವು, ಮುಷ್ಟಿಯ ಉಬ್ಬು ನೋಡಿ ಪಕ್ಕದವರು ಗುರುತು ಹಿಡಿದರು. ಕಡಲೆ–ತೊಗರಿಗೆ ಆ ಭಯವಿಲ್ಲ. ಸಭಾಸೇವಕರ ಆಯ್ಕೆಗೆ ಮೂರರಲ್ಲಿ ಎರಡು ಪಾಲು ಕಡಲೆ ಬೀಳಬೇಕು. ಹೀಗೆ ಮಾಡಿದ ಮೊದಲ ವರ್ಷವೇ ಇಬ್ಬರು ಹೆಣ್ಣುಮಕ್ಕಳು ಆಯ್ಕೆಯಾದರು, ಆಮೇಲೆ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಬಂದಿಲ್ಲ.

ಜಾಗದಲ್ಲಿ ನಾವು ಎರಡು ತಪ್ಪು ಮಾಡಿದೆವು. ಮೊದಲ ಜಾಗ ಒಬ್ಬ ಹಿರಿಯರ ಹೆಸರಿಗೆ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮಕ್ಕಳು ಪಾಲು ಕೇಳಿದರು, 40,000 ರೂಪಾಯಿ ಹೋಯಿತು. ಎರಡನೆಯದಕ್ಕೆ ಮುಂಗಡ ಕೊಟ್ಟ ಮೇಲೆ ಅದು ಸರ್ಕಾರ ಪರಿಶಿಷ್ಟ ಜಾತಿಯವರಿಗೆ ಮಂಜೂರು ಮಾಡಿದ ಜಮೀನು ಎಂದು ತಿಳಿಯಿತು. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಕ್ರಯಪತ್ರಕ್ಕೆ ಬೆಲೆಯೇ ಇಲ್ಲ. ಪಹಣಿ ಒಂದನ್ನೇ ನೋಡಿ ನಂಬಬೇಡಿ, ಜಮೀನಿನ ಮೂಲ ಯಾವುದು ಎಂದು ಹಳೆಯ ದಾಖಲೆ ತೆಗೆಸಿ. ಕೊನೆಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಿ, ಸಂಘದ ಹೆಸರಿಗೇ ಗಾವಠಾಣದ, ಅಂದರೆ ಊರೊಳಗಿನ ವಸತಿಯ ಜಾಗ ಕೊಂಡೆವು. ಅದಕ್ಕೆ ಏಳು ಜನ ಸಾಕು. ಆದರೆ ವರ್ಷವರ್ಷ ಲೆಕ್ಕಪತ್ರ ಸಲ್ಲಿಸುವುದನ್ನು ಮರೆಯಬಾರದು.

ಇನ್ನು ಕಟ್ಟಡ. ಇಪ್ಪತ್ತಕ್ಕೆ ಮೂವತ್ತಾರು ಅಡಿ. ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ, ಅದೂ ಅಲ್ಲದೆ ಹತ್ತಿರದಲ್ಲೇ ಕಾಲುವೆ. ಮೇಸ್ತ್ರಿ ಮಾತು ಕೇಳಿ ಮೂರಡಿ ಪಾಯ ಹಾಕಿ ಗೋಡೆ ಎಬ್ಬಿಸಿದೆವು. ಮುಂದಿನ ಏಪ್ರಿಲ್‌ಗೆ ಮೂಡಣ ಮೂಲೆ ಮೇಲಿಂದ ಕೆಳಗೆ ಸೀಳಿತು, ಬಿರುಕಿನಲ್ಲಿ ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಪಾಯವನ್ನು ಮೇಲೆ ಕೆಳಗೆ ಆಡಿಸುತ್ತದೆ. ಆ ಮೂಲೆಯ ಬಳಿ ಒಂದು ಬೇವಿನ ಮರವೂ ಇತ್ತು, ಅದು ನೀರು ಎಳೆದು ಅಲ್ಲಿ ಹೆಚ್ಚು ಕುಗ್ಗಿಸಿತ್ತು. ಗೋಡೆ ಕೆಡವಿದೆವು. ಸುಮಾರು 70,000 ಮಣ್ಣಾಯಿತು.

ಎರಡನೇ ಸಲ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು ಸಿಗುವ ತನಕ ಅಗೆದೆವು, ಐದೂಕಾಲು ಅಡಿಗೆ ಸಿಕ್ಕಿತು. ಅಗೆದ ಎರೆ ಮಣ್ಣನ್ನು ಒಂದು ಬುಟ್ಟಿಯೂ ವಾಪಸ್ ಹಾಕಲಿಲ್ಲ. ಹೊರಗಿನಿಂದ ಗರಸು ತರಿಸಿ ಆರಾರು ಇಂಚಿನ ಪದರ ಹಾಕಿ, ನೀರು ಹೊಡೆದು ದಿಮ್ಮಸಿನಿಂದ ಬಡಿದೆವು. ಪಾಯದ ಮೇಲೆ ಸುತ್ತಲೂ ಒಂಬತ್ತು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಕಾಂಕ್ರೀಟ್ ಬೀಮು, ಒಳಗೆ 12 ಎಂಎಂ ಕಂಬಿ ನಾಲ್ಕು, ಆರಿಂಚಿಗೊಂದು 8 ಎಂಎಂ ರಿಂಗು. ಗೋಡೆಯ ಹೊರಗೆ ಸುತ್ತ ಮೂರಡಿ ಶಹಾಬಾದ್ ಕಲ್ಲು ಹಾಸಿ ಹೊರಕ್ಕೆ ಇಳಿಜಾರು ಕೊಟ್ಟೆವು, ಮಳೆನೀರು ಪಾಯದ ಬುಡಕ್ಕೆ ಇಳಿಯಬಾರದು. ಏಳು ವರ್ಷವಾಯಿತು, ಕೂದಲೆಳೆಯ ಬಿರುಕಿಲ್ಲ. ಒಟ್ಟು ಖರ್ಚು ಐದು ಲಕ್ಷದ ಆಸುಪಾಸು. ನಾಲ್ಕು ವರ್ಷ ಹಿಡಿಯಿತು, ಆಳಿನ ಕೆಲಸವೆಲ್ಲ ಸಭೆಯವರದೇ.

ಮೇಲೆ ತಗಡು. ರಾಯಚೂರು ಸೀಮೆಯ ಮೇ ತಿಂಗಳಲ್ಲಿ ತಗಡಿನ ಕೆಳಗೆ ಕೂರುವುದು ಕಷ್ಟ, ಮಳೆ ಬಂದರೆ ಬೋಧನೆ ಕೇಳಿಸುವುದಿಲ್ಲ. ಒಂದು ಬೇಸಗೆ ತಗಡಿನ ಮೇಲೆ ಜೋಳದ ಸೊಪ್ಪೆ ಹಾಸಿ ನೋಡಿದೆವು. ತಂಪಾಯಿತು, ಆದರೆ ಇಲಿ ಸೇರಿತು, ಹಿಂದೆಯೇ ಹಾವು ಬಂತು, ಕಿಡಿ ಬಿದ್ದರೆ ಗತಿಯೇನು ಎಂಬ ಭಯ ಬೇರೆ. ಸುಣ್ಣಕ್ಕೆ ಬಿಳಿ ಸಿಮೆಂಟ್ ಮತ್ತು ಸ್ವಲ್ಪ ಫೆವಿಕಾಲ್ ಕಲಸಿ ಎರಡು ಕೈ ಬಳಿದದ್ದು ಒಳ್ಳೆಯ ಕೆಲಸ ಕೊಟ್ಟಿತು, ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು.

ದೀಕ್ಷಾಸ್ನಾನವನ್ನು ಮೊದಲು ಉಪಕಾಲುವೆಯಲ್ಲಿ ಕೊಡುತ್ತಿದ್ದೆವು. ದೊಡ್ಡ ಕಾಲುವೆ ಬೇಡ, ಇಳಿಜಾರಿನ ಕಲ್ಲು ಪಾಚಿ ಕಟ್ಟಿರುತ್ತದೆ, ಸೆಳೆತ ಜೋರು. ಕೃಷ್ಣಾ ನದಿಗೆ ಹೋಗೋಣವೆಂದರೆ ಮೊಸಳೆ ಇವೆ. ನಮ್ಮ ಕಾಯಿಸುವ ಲೆಕ್ಕ ಮುಗಿಯುವ ಹೊತ್ತಿಗೆ ಕಾಲುವೆಗೆ ನೀರೇ ನಿಲ್ಲುತ್ತದೆ. ಹಾಗಾಗಿ ವೇದಿಕೆಯ ಕೆಳಗೆ ತೊಟ್ಟಿ ಕಟ್ಟಿದೆವು. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳ. ಮೂರಡಿ ನೀರಿಗೆ ಸುಮಾರು 2,700 ಲೀಟರ್ ಬೇಕು, ಸಣ್ಣ ಟ್ಯಾಂಕರ್ ಒಂದು ಸಾಕು. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಒಳಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಿಲಾವು, ಮೂಲೆಗಳನ್ನು ಬಟ್ಟಲಿನ ಹಾಗೆ ಗುಂಡಗೆ ಮಾಡಬೇಕು, ನೀರು ಒಸರುವುದು ಮೂಲೆಯಿಂದಲೇ. ಗಿಲಾವಿಗೆ ನಮ್ಮ ಮೇಸ್ತ್ರಿ ಹಾಕಿದ ಇನ್ನೊಂದು ವಸ್ತು ಇದೆ, ಅವನ ಹೊಟ್ಟೆಪಾಡಿನ ಗುಟ್ಟು, ನಾನು ಬರೆಯಲಾರೆ. ಹದಿನಾಲ್ಕು ದಿನ ಒದ್ದೆ ಗೋಣಿ ಹೊದಿಸಿ, ಆಮೇಲೆ ದಿನಕ್ಕೆ ಒಂದಡಿಯಂತೆ ತುಂಬಬೇಕು. ತಳವನ್ನು ನುಣುಪು ಮಾಡಬೇಡಿ, ಜಾರುತ್ತದೆ. ಎರಡಿಂಚಿನ ಪೈಪಿನಿಂದ ಹೊರಹೋದ ನೀರು ಹಿಂದಿನ ಬಾಳೆಗೆ ಹೋಗುತ್ತದೆ.

ಇಳಿಸುವಾಗ ಮುಳುಗುವವರು ಮೊಣಕಾಲು ಬಗ್ಗಿಸಬೇಕು, ಇಲ್ಲದಿದ್ದರೆ ಕಾಲು ಮೇಲೆದ್ದು ತಲೆ ತೊಟ್ಟಿಯ ಅಂಚಿಗೆ ಬಡಿಯುತ್ತದೆ. ಎರಡೂ ಕೈ ಎದೆಯ ಮೇಲೆ, ಮೂಗಿಗೆ ಮಡಿಸಿದ ಬಟ್ಟೆ. ಪಾಸ್ಟರ್ ಪಕ್ಕಕ್ಕೆ ನಿಂತು ಒಂದು ಅಂಗೈಯನ್ನು ಕತ್ತಿನ ಹಿಂದೆ ಇಡಬೇಕು. ಹೆಣ್ಣುಮಕ್ಕಳಿಗೆ ಬಿಳಿ ಸೀರೆ ಬೇಡ, ಒದ್ದೆಯಾದರೆ ಮುಜುಗರ. ಗಾಢ ಬಣ್ಣದ್ದು ಉಟ್ಟು, ನೆರಿಗೆ ಮೇಲೆ ತೇಲದಂತೆ ಅಂಚಿನೊಳಗೆ ನಾಲ್ಕು ಬೆಣಚುಕಲ್ಲು ಹೊಲಿದರೆ ಸಾಕು.

ಯೇಸುವಿನ ಕಡೆಯ ಊಟದ ನೆನಪಿಗೆ ಮಾಡುವ ಕರ್ತನ ಭೋಜನದ ರಸಕ್ಕೆ ಕಾಲು ಕಿಲೋ ಕಪ್ಪು ಒಣದ್ರಾಕ್ಷಿಯನ್ನು ರಾತ್ರಿ ಒಂದೂಕಾಲು ಲೀಟರ್ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಹಿಸುಕಿ ಸೋಸುತ್ತೇವೆ. ಅರವತ್ತು ಜನಕ್ಕೆ ಮಿಕ್ಕು ಉಳಿಯುತ್ತದೆ. ಉಳಿದದ್ದನ್ನು ಇಡಬೇಡಿ, ಬೇಸಗೆಯಲ್ಲಿ ಮರುದಿನವೇ ಹುಳಿ ಹೊಡೆಯುತ್ತದೆ. ಹಾಡಿಗೆ ಕೀಬೋರ್ಡ್ ಕೊಂಡು 14,000 ಹಾಕಿದ್ದು ದಂಡ, ಸಂಜೆ ಏಳಕ್ಕೆ ಕರೆಂಟ್ ಇರುವುದಿಲ್ಲ. ಭಜನೆಯ ಹಾಗೆ ಒಬ್ಬರು ಹೇಳಿ ಉಳಿದವರು ತಿರುಗಿಸಿ ಹೇಳುವ ಧಾಟಿಗೆ ಹಾಡು ಹಾಕಿದ ಮೇಲೆ ಪುಸ್ತಕವೂ ಬೇಕಾಗಲಿಲ್ಲ. ಒಂದು ತೆಲುಗು, ಎರಡು ಕನ್ನಡ ಎಂಬುದು ಕಾಳಿನ ಮತದಿಂದಲೇ ತೀರ್ಮಾನವಾದದ್ದು.

ಹೋದ ಸುಗ್ಗಿಯಿಂದ ಎಂಟು ಕಿಲೋಮೀಟರ್ ಆಚೆಯ ಊರಲ್ಲಿ ಐದು ಮನೆ ಕೂಡುತ್ತಿವೆ. ಅವರಿಗೆ ನಾವು ದುಡ್ಡು ಕೊಟ್ಟಿಲ್ಲ, ಐದು ಕೆಂಪು ಡಬ್ಬಿ ಕೊಟ್ಟಿದ್ದೇವೆ. ಜಾಗ ನೋಡಿ ಬಂದೆವು, ಅಲ್ಲಿ ಎರೆ ಅಲ್ಲ, ಮಸಾರಿ, ಅಂದರೆ ಕೆಂಪು ಮಣ್ಣು. ಪಾಯಕ್ಕೆ ಮೂರಡಿ ಸಾಕು.