'ಈಗ' ಎಲ್ಲರಿಗೂ ಒಂದೇನಾ? ಗ್ರಾಫ್ ಹಾಳೆಯಲ್ಲೇ ನೋಡಿ

ಕಾಲ ನಿಜವೋ ಭ್ರಮೆಯೋ ಎಂದು ಬಾಯಲ್ಲಿ ವಾದಿಸುವ ಮೊದಲು ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ಲು ತೆಗೆದುಕೊಳ್ಳಿ. ಉಪಾಯ 1908ರದು, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಚಿತ್ರವಾಗಿಸಿದ ಗಣಿತಜ್ಞ ಹರ್ಮನ್ ಮಿಂಕೋವ್ಸ್ಕಿಯದು.

ಅಡ್ಡ ಗೆರೆ ದೂರಕ್ಕೆ, ನಿಂತ ಗೆರೆ ಕಾಲಕ್ಕೆ. ಎರಡೂ ಸೇರುವ ಮೂಲೆಯೇ ನೀವು, ಈ ಕ್ಷಣದಲ್ಲಿ. ಮೇಲಕ್ಕೆ 1 ಸೆಂ.ಮೀ. ಅಂದರೆ 1 ಸೆಕೆಂಡ್. ಅಡ್ಡಕ್ಕೆ 1 ಸೆಂ.ಮೀ. ಅಂದರೆ ಅಷ್ಟರಲ್ಲಿ ಬೆಳಕು ಹೋಗುವ ದೂರ, ಸುಮಾರು 3 ಲಕ್ಷ ಕಿ.ಮೀ. ಬೆಳಕಿನ ಗೆರೆ ಸರಿಯಾಗಿ 45 ಡಿಗ್ರಿ ಓರೆಯಾಗಿ ಬರಬೇಕು. ಬರದಿದ್ದರೆ ಅಳತೆ ತಪ್ಪಿದೆ.

ಅಡ್ಡ ಗೆರೆಯ ಮೇಲೆ ಬಲಕ್ಕೆ 8 ಸೆಂ.ಮೀ.ಗೆ ಒಂದು ಚುಕ್ಕೆ ಇಡಿ. ಅಲ್ಲೊಂದು ದೀಪ ಹೊತ್ತಿತು ಎನ್ನಿ. ನಿಮ್ಮ ಲೆಕ್ಕಕ್ಕೆ ಅದು 'ಈಗ'. ಇನ್ನು, ನಿಮ್ಮನ್ನು ಹಾದು ಬೆಳಕಿನ 0.6 ಪಟ್ಟು ವೇಗದಲ್ಲಿ ಬಲಕ್ಕೆ ಹೋಗುವವಳ ಹಾದಿ: ಮೂಲೆಯಿಂದ ಅಡ್ಡ 6, ಎತ್ತರ 10ರ ಬಿಂದುವಿಗೆ ಗೆರೆ. ಅವಳ 'ಈಗ' ಎಂಬ ಗೆರೆ ಎಳೆಯುವಾಗಲೇ ಹೆಚ್ಚಿನವರು ಎಡವುವುದು. ಹಾದಿಗೆ ಲಂಬವಾಗಿ ಎಳೆದುಬಿಡುತ್ತಾರೆ. ಹಾಗಲ್ಲ. 45 ಡಿಗ್ರಿ ಗೆರೆಯನ್ನು ಕನ್ನಡಿ ಎಂದುಕೊಂಡು ಹಾದಿಯ ಬಿಂಬ ಎಳೆಯಿರಿ: ಅಡ್ಡ 10, ಎತ್ತರ 6. ಸಾಪೇಕ್ಷತೆಯ ಪ್ರಕಾರ ಅವಳು ಅಳೆದರೂ ಬೆಳಕಿನ ವೇಗ ಅಷ್ಟೇ ಬರಬೇಕಲ್ಲ, ಅದಕ್ಕೆ.

ದೀಪದ ಚುಕ್ಕೆ ಆ ಗೆರೆಯಿಂದ 4.8 ಸೆಂ.ಮೀ. ಕೆಳಗಿದೆ. ಅಂದರೆ ಅವಳ ಲೆಕ್ಕಕ್ಕೆ ದೀಪ ಆಗಲೇ ಹೊತ್ತಿಯಾಗಿದೆ. 4.8 ಸೆಕೆಂಡ್ ಹಿಂದೆ ಎಂದು ಓದಬೇಡಿ. ಅವಳ ಅಳತೆಗೋಲು ಬೇರೆ. 0.6 ಪಟ್ಟು ವೇಗಕ್ಕೆ ಬರುವ 1.25ರಿಂದ (1 ÷ √(1 − 0.6²)) ಗುಣಿಸಿ, 6 ಸೆಕೆಂಡ್. ಅದೇ ವೇಗದಲ್ಲಿ ಎಡಕ್ಕೆ ಹೋಗುವವನಿಗೆ ದೀಪ ಹೊತ್ತಲು ಇನ್ನೂ 6 ಸೆಕೆಂಡ್ ಇದೆ. ಬೆಳಕು ಕಣ್ಣಿಗೆ ತಲುಪಲು ಹಿಡಿಯುವ ಹೊತ್ತಲ್ಲ ಇದು. ಅದನ್ನು ಕಳೆದ ಮೇಲೂ ಉಳಿಯುವ ವ್ಯತ್ಯಾಸ.

ಇಷ್ಟು ವೇಗ ಯಾರಿಗಿದೆ ಎನ್ನಬಹುದು. ವೇಗ ಕಡಿಮೆಯಿದ್ದರೆ ದೂರ ಹೆಚ್ಚಿಸಿ. 25 ಲಕ್ಷ ಜ್ಯೋತಿರ್ವರ್ಷ ಆಚೆಯ ಆಂಡ್ರೊಮಿಡಾ ನಕ್ಷತ್ರಪುಂಜದ (ಗ್ಯಾಲಕ್ಸಿ) ಕಡೆಗೆ ಸೆಕೆಂಡಿಗೆ 1.5 ಮೀಟರ್ ನಡೆದರೂ ಸಾಕು, ಅಲ್ಲಿನ 'ಈಗ' ಸುಮಾರು ನಾಲ್ಕೂವರೆ ದಿನ ಮುಂದಕ್ಕೆ ಜಾರುತ್ತದೆ.

ಇದನ್ನೇ ಹಿಡಿದು ತತ್ವಜ್ಞಾನಿ ಹಿಲರಿ ಪಟ್ನಮ್ 1967ರಲ್ಲಿ, ಭವಿಷ್ಯವೂ ಈಗಾಗಲೇ ನಿಜ ಎಂದು ವಾದಿಸಿದರು. ಮರುವರ್ಷವೇ ಇನ್ನೊಬ್ಬ ತತ್ವಜ್ಞಾನಿ ಹೊವರ್ಡ್ ಸ್ಟೈನ್ ಒಪ್ಪದೆ ಉತ್ತರ ಕೊಟ್ಟರು. ಪಟ್ನಮ್ ಸ್ವಲ್ಪ ಅವಸರಪಟ್ಟರು ಅನ್ನಿಸುವುದು ಇನ್ನೊಂದು ಚುಕ್ಕೆ ಇಟ್ಟಾಗ: ಅಡ್ಡ 4, ಎತ್ತರ 5. ಇದು ಬೆಳಕಿನ ಗೆರೆಗಿಂತ ಮೇಲಿದೆ, ನಿಮ್ಮಿಂದ ಅಲ್ಲಿಗೆ ಸುದ್ದಿ ಮುಟ್ಟಬಲ್ಲದು. ಬೆಳಕಿಗಿಂತ ಕಡಿಮೆಯ ಯಾವ ವೇಗ ಹಾಕಿ ನೋಡಿದರೂ ಇದು 'ಆಮೇಲೆ'ಯೇ. ಬಲಕ್ಕೆ ಹೋಗುವವಳಿಗೆ 3.25 ಸೆಕೆಂಡ್ ನಂತರ, ಎಡಕ್ಕೆ ಹೋಗುವವನಿಗೆ 9.25. ಕುಸಿದದ್ದು ದೂರದ 'ಈಗ' ಮಾತ್ರ, ಕಾರಣ ಮೊದಲು ಪರಿಣಾಮ ಆಮೇಲೆ ಎಂಬ ಸಾಲು ಅಲ್ಲ.